ಕುದಿಬಿಂದು: ಒತ್ತಡ ಹೇಳದೆ ಡಿಗ್ರಿ ಹೇಳಬೇಡಿ

'ನೀರಿನ ಕುದಿಬಿಂದು 100 ಡಿಗ್ರಿ ಸೆಲ್ಸಿಯಸ್' ಎಂದು ಬರೆದು ಮುಗಿಸುವವರನ್ನು ನೋಡಿ ನೋಡಿ ಸಾಕಾಗಿದೆ. ಎಷ್ಟು ಒತ್ತಡದಲ್ಲಿ ಅಂತ ಹೇಳಬೇಕಲ್ವಾ?

ದ್ರವದ ಆವಿಯ ಒತ್ತಡ ಸುತ್ತಲಿನ ಒತ್ತಡಕ್ಕೆ ಸಮನಾಗುವ ತಾಪಮಾನವೇ ಕುದಿಬಿಂದು. ಸುತ್ತ 760 ಮಿ.ಮೀ. ಪಾದರಸದಷ್ಟು ಒತ್ತಡವಿದ್ದರೆ, ಅಂದರೆ ಅಷ್ಟೆತ್ತರದ ಪಾದರಸದ ಕಂಬ ಒತ್ತುವಷ್ಟು, ಸಮುದ್ರಮಟ್ಟದ ಗಾಳಿಯ ಸಾಮಾನ್ಯ ಒತ್ತಡ, ನೀರಿಗೆ ಅದು 100 ಡಿಗ್ರಿ. ಪಂಪ್ ಹಚ್ಚಿ ಗಾಳಿ ಎಳೆದು ಒತ್ತಡವನ್ನು 17.5 ಮಿ.ಮೀ.ಗೆ ಇಳಿಸಿದರೆ 20 ಡಿಗ್ರಿಯ ತಣ್ಣನೆಯ ನೀರೂ ಕುದಿಯುತ್ತದೆ. ಕೈಯಿಟ್ಟರೂ ಸುಡುವುದಿಲ್ಲ.

ಇನ್ನು ಗುಳ್ಳೆ. ಗುಳ್ಳೆ ಕಂಡರೆ ಸಾಕು, 'ಕುದಿಯಿತು' ಎನ್ನುತ್ತಾರೆ. ಬಿಸಿಯಾಗಲು ಶುರುವಾದಾಗ ಪಾತ್ರೆಯ ಗೋಡೆಗೆ ಅಂಟುವ ಗುಳ್ಳೆಗಳು ನೀರಿನಲ್ಲಿ ಕರಗಿದ್ದ ಗಾಳಿ, ಅಷ್ಟೇ. ಆಮೇಲೆ ತಳದಲ್ಲಿ ಹುಟ್ಟುವುದು ಆವಿಯ ಗುಳ್ಳೆ. ಮೇಲಿನ ನೀರು ಇನ್ನೂ ತಣ್ಣಗಿದ್ದರೆ ಅದು ದಾರಿಯಲ್ಲೇ ಕುಸಿಯುತ್ತದೆ. ಕುದಿಯುವ ಮೊದಲು ಕೇಳುವ ಗುಂಯ್ ಸದ್ದು ಅದರದ್ದೇ. ಗುಳ್ಳೆ ಬದುಕಬೇಕಾದರೆ ಒಳಗಿನ ಆವಿ ಮೂರನ್ನು ತಡೆದುಕೊಳ್ಳಬೇಕು: ಮೇಲಿನ ಗಾಳಿಯ ಒತ್ತಡ, ತಲೆಯ ಮೇಲಿನ ನೀರಿನ ಭಾರ, ಮೇಲ್ಮೈ ಸೆಳೆತದ (ನೀರಿನ ಮೇಲ್ಮೈ ಬಿಗಿದ ಪೊರೆಯಂತೆ ಕುಗ್ಗಲು ಎಳೆಯುವುದರ) ಹಿಂಡುವಿಕೆ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ತ್ರಿಜ್ಯದ ಗುಳ್ಳೆಯನ್ನು ಅದೊಂದೇ ಒಂದು ವಾತಾವರಣಕ್ಕಿಂತ, ಅಂದರೆ 760 ಮಿ.ಮೀ. ಪಾದರಸಕ್ಕಿಂತ, ಜಾಸ್ತಿ ಒತ್ತಡದಿಂದ ಹಿಂಡುತ್ತದೆ. ಹಾಗಾಗಿ ಗುಳ್ಳೆ ಸುಮ್ನೆ ಹುಟ್ಟುವುದಿಲ್ಲ. ಗಾಳಿ ಸಿಕ್ಕಿಕೊಂಡಿರುವ ಗೀರೋ ಬಿರುಕೋ ಬೇಕು. ನುಣುಪಾದ, ಸ್ವಚ್ಛ ಗಾಜಿನ ಪಾತ್ರೆಯಲ್ಲಿ ನೀರು 100 ದಾಟಿಯೂ ಸುಮ್ಮನೆ ಕೂತಿರಬಲ್ಲದು, ಆಮೇಲೆ ಒಮ್ಮೆಲೇ ಸಿಡಿಯಬಲ್ಲದು. ಥರ್ಮಾಮೀಟರಿಗೆ 100ರ ಗುರುತು ಹಾಕುವಾಗ ಅದನ್ನು ನೀರಿನಲ್ಲಿ ಮುಳುಗಿಸದೆ ಆವಿಯಲ್ಲಿ ಹಿಡಿಯುವುದು ಇದೇ ಕಾರಣಕ್ಕೆ.

ಕುದಿಬಿಂದು ಒತ್ತಡದ ಜೊತೆ ಬದಲಾಗುತ್ತದೆ ಎಂಬುದನ್ನು ಥರ್ಮಾಮೀಟರ್ ತಯಾರಕ ಫ್ಯಾರನ್‌ಹೀಟ್ 1724ರಲ್ಲೇ ಬರೆದಿದ್ದ. 1817ರಲ್ಲಿ ಇಂಗ್ಲಿಷ್ ವಿಜ್ಞಾನಿ ವೊಲಾಸ್ಟನ್ ಅದನ್ನೇ ತಿರುಗಿಸಿ, ಕುದಿಯುವ ನೀರಿನ ತಾಪಮಾನದಿಂದ ಗಾಳಿಯ ಒತ್ತಡ ತಿಳಿಯುವ ಉಪಕರಣವನ್ನು ವಿವರಿಸಿದ. 100ರ ಆಸುಪಾಸಿನಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 27 ಮಿ.ಮೀ. ಪಾದರಸ, ಎತ್ತರದಲ್ಲಿ ಹೇಳುವುದಾದರೆ ಸುಮಾರು 300 ಮೀಟರ್. ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿ ಓದಿದರೆ ಬೆಟ್ಟ 30 ಮೀಟರ್ ಬೆಳೆದುಬಿಡುತ್ತದೆ, ಇಲ್ಲವೇ ಕುಗ್ಗುತ್ತದೆ.

ಒತ್ತಡ ಹೇಳುವವರಲ್ಲೂ ಅರ್ಧ ಹೇಳುವವರೇ ಜಾಸ್ತಿ. ಸಾಮಾನ್ಯ ಗೇಜ್ (ಒತ್ತಡ ಅಳೆಯುವ ಸಾಧನ) ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಮುಚ್ಚಿದ ಪಾತ್ರೆಯ ಗೇಜ್ 1 ಬಾರ್ (ಹೆಚ್ಚುಕಡಿಮೆ ಒಂದು ವಾತಾವರಣದಷ್ಟು ಒತ್ತಡ) ಎಂದರೆ ಒಳಗಿನ ನಿಜವಾದ ಒತ್ತಡ ಸುಮಾರು 2 ಬಾರ್. ಅಲ್ಲಿ ನೀರು ಕುದಿಯುವುದು ಸುಮಾರು 120 ಡಿಗ್ರಿಯಲ್ಲಿ. ಗೇಜಿನ 1 ಬಾರನ್ನೇ ಹಿಡಿದು ಕುದಿಬಿಂದುವಿನ ಕೋಷ್ಟಕ ನೋಡಿದವರು ಮತ್ತೆ 100 ಎಂದೇ ಬರೆಯುತ್ತಾರೆ.