ಅಲ್ಲಿದ್ದರೆ ಸಾಕು, ಸ್ಪ್ಯಾನಿಷ್ ತಾನಾಗಿಯೇ ಬರುತ್ತೆ ಅಲ್ವಾ?

ಪ್ರಶ್ನೆ: ನಾವು ಗಂಡ ಹೆಂಡತಿ ಒಂದು ವರ್ಷ ಕೆಲಸ ಬಿಟ್ಟು, ಬ್ಯಾಗ್ ಹೊತ್ತುಕೊಂಡು ಮಧ್ಯ ಅಮೆರಿಕ, ಆಮೇಲೆ ದಕ್ಷಿಣ ಅಮೆರಿಕ ಸುತ್ತಬೇಕು ಅಂದುಕೊಂಡಿದ್ದೇವೆ. ಕೈಯಲ್ಲಿರುವ ದುಡ್ಡು ಅಷ್ಟಕ್ಕಷ್ಟೇ. ಸ್ಪ್ಯಾನಿಷ್ ಕಲಿಯುವ ಆಸೆಯೂ ಇದೆ. ಕ್ಲಾಸಿಗೆ ದುಡ್ಡು ಸುರಿಯಬೇಕಾ, ಅಥವಾ ಅಲ್ಲೇ ಓಡಾಡಿಕೊಂಡಿದ್ದರೆ ತಾನಾಗಿಯೇ ಬಂದುಬಿಡುತ್ತಾ?

ಉತ್ತರ: ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಇಡುವುದನ್ನು ಬಿಟ್ಟು ಬಹಳ ದಿನವಾಯಿತು. ಕೇಳುವವರು ಬೇರೆ, ಹೊರಡುವ ತಿಂಗಳು ಬೇರೆ, ಕೊನೆಯ ಸಾಲು ಮಾತ್ರ ಯಾವಾಗಲೂ ಇದೇ. ತಾನಾಗಿಯೇ ಬಂದುಬಿಡುತ್ತಾ?

ಬರಲ್ಲ.

ಚುಟುಕು ಉತ್ತರ ಸಾಕು ಅನ್ನುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಪ್ರವಾಸದ ಮೊದಲ ನಾಲ್ಕು ವಾರ ಗ್ವಾಟೆಮಾಲಾದಲ್ಲಿ ಒಂದು ಕಡೆ ಕೂತು ಕ್ಲಾಸಿಗೆ ಹೋಗಿ. ಆಮೇಲೆ ಒಂದೂವರೆ ತಿಂಗಳು ಊರೂರು ಸುತ್ತಿ. ಮತ್ತೆ ಎಲ್ಲಾದರೂ ಎರಡು ವಾರ ಕೂತು ಕಲಿಯಿರಿ. ಕೊನೆಗೆ ನೋಡೋಣ ಅಂತ ಕ್ಲಾಸನ್ನು ಮುಂದಕ್ಕೆ ಹಾಕಿದವರು ಯಾರೂ ಕೊನೆಗೆ ಕಲಿತದ್ದನ್ನು ನಾನು ನೋಡಿಲ್ಲ.

ಗ್ವಾಟೆಮಾಲಾನೇ ಯಾಕೆ? ಅಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ಬ ಟೀಚರ್. ದಿನಕ್ಕೆ ನಾಲ್ಕೋ ಐದೋ ಗಂಟೆ, ವಾರಕ್ಕೆ ಐದು ದಿನ. ಎದುರಿಗೆ ಕೂತವರು ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ನೋಡುವುದಿಲ್ಲ, ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಸಾಮಾನ್ಯವಾಗಿ ಶಾಲೆಯವರೇ ಒಂದು ಮನೆಯಲ್ಲಿ ರೂಮು ಕೊಡಿಸುತ್ತಾರೆ. ವಾರದಲ್ಲಿ ಆರು ದಿನ ಮೂರು ಹೊತ್ತು ಊಟ ಆ ಮನೆಯಲ್ಲೇ. ಭಾನುವಾರ ಮನೆಯಾಕೆಗೆ ರಜೆ. ಕ್ಲಾಸಿನ ವಾರ ಅಂದರೆ ಜಾಸ್ತಿ ಖರ್ಚಿನ ವಾರ ಅನ್ನುವ ಲೆಕ್ಕ ತಪ್ಪುವುದು ಇಲ್ಲೇ. ಬ್ಯಾಗ್ ಹೊತ್ತು ತಿರುಗುವವರ ದುಡ್ಡು ತಿನ್ನುವುದು ಓಡಾಟ. ಊರಿಂದ ಊರಿಗೆ ಶಟಲ್, ಟೂರು, ಹಸಿವಾದಾಗ ಸಿಕ್ಕಿದ್ದನ್ನು ಸಿಕ್ಕಿದ ಬೆಲೆಗೆ ತಿನ್ನುವುದು. ಒಂದೇ ಕಡೆ ನಾಲ್ಕು ವಾರ ಕೂತಾಗ ಇದೆಲ್ಲ ನಿಂತೇ ಹೋಗುತ್ತದೆ. ನಮ್ಮ ಖರ್ಚಿನ ಪುಸ್ತಕದಲ್ಲಿ ಹಗುರವಾದ ಪುಟಗಳು ಕ್ಲಾಸಿನ ವಾರಗಳದ್ದೇ.

ಊರಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆಂಟಿಗ್ವಾ ಚೆಂದ. ಕಲ್ಲು ಹಾಸಿದ ಬೀದಿ, 1773ರ ಭೂಕಂಪದಲ್ಲಿ ಬಿದ್ದು ಹಾಗೇ ಉಳಿದ ಚರ್ಚುಗಳು, ಊರಾಚೆ ಹೊಗೆ ಬಿಡುತ್ತಾ ನಿಂತ ಫ್ಯೂಗೊ ಜ್ವಾಲಾಮುಖಿ. ಆದರೆ ಕಾಫಿ ಕೊಡುವವರು ನಿಮ್ಮ ಮುಖ ನೋಡಿದ ಕೂಡಲೇ ಇಂಗ್ಲಿಷ್ ಶುರು ಮಾಡುತ್ತಾರೆ. ಕೆಟ್ಸಾಲ್ಟೆನಾಂಗೊ ಊರನ್ನು ಅಲ್ಲಿ ಯಾರೂ ಅಷ್ಟುದ್ದ ಕರೆಯುವುದಿಲ್ಲ, ಶೇಲಾ ಅಂದರೆ ಸಾಕು. ಸುಮಾರು 2,300 ಮೀಟರ್ ಎತ್ತರ. ರಾತ್ರಿ ಚಳಿಗೆ ಹಲ್ಲು ಕಟಕಟ ಅನ್ನುತ್ತದೆ, ಆದರೆ ಪ್ರವಾಸಿಗರು ಕಡಿಮೆ. ಅಟಿಟ್ಲಾನ್ ಸರೋವರದ ದಡದ ಸಾನ್ ಪೆದ್ರೊದಲ್ಲೂ ಶಾಲೆಗಳಿವೆ, ಆ ಊರಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ನಾನಾದರೆ ಶೇಲಾ ಅನ್ನುತ್ತೇನೆ, ಸ್ವೆಟರ್ ಇದ್ದರೆ.

ಒಂದು ವರ್ಷ ಅಂದಿದ್ದೀರಲ್ಲ, ಅದಕ್ಕೆ ಇನ್ನೊಂದು ಮಾತು. ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ನಾಲ್ಕೂ ಸಿಎ-4 ಅನ್ನುವ ಗಡಿ ಒಪ್ಪಂದದ ದೇಶಗಳು. ಪ್ರವಾಸಿಗಳಿಗೆ ಸಾಮಾನ್ಯವಾಗಿ ನಾಲ್ಕಕ್ಕೂ ಸೇರಿ 90 ದಿನ, ಒಂದೊಂದಕ್ಕೆ 90 ಅಲ್ಲ. ಹೊಂಡುರಾಸಿಗೆ ಹೋಗಿ ಬಂದರೆ ದಿನಗಳು ಮತ್ತೆ ಒಂದರಿಂದ ಶುರುವಾಗುವುದಿಲ್ಲ.

ಈಗ ಆ ‘ತಾನಾಗಿಯೇ’ ಅನ್ನುವ ಮಾತಿಗೆ ಬರೋಣ. ಇದರ ಮೇಲೆ ನನಗೆ ಹಳೆಯ ಸಿಟ್ಟಿದೆ.

ಹೀಗನ್ನುವವರು ಮೊದಲು ತೋರಿಸುವುದು ಮಕ್ಕಳನ್ನು. ಮಕ್ಕಳು ಹೊಸ ದೇಶಕ್ಕೆ ಹೋದರೆ ಆರು ತಿಂಗಳಲ್ಲಿ ಮಾತಾಡುತ್ತಾರಲ್ಲ ಅಂತ. ಆ ಮಗು ದಿನಕ್ಕೆ ಆರು ಗಂಟೆ ಶಾಲೆಯಲ್ಲಿ ಕೂತಿರುತ್ತದೆ ಸ್ವಾಮಿ. ಟೀಚರ್ ತಿದ್ದುತ್ತಾರೆ, ಪಕ್ಕದ ಹುಡುಗ ನಗುತ್ತಾನೆ, ಆಟಕ್ಕೆ ಸೇರಿಸಿಕೊಳ್ಳಬೇಕಾದರೆ ಮಾತು ಬರಲೇಬೇಕು. ನೀವಿಬ್ಬರು ಹಾಸ್ಟೆಲಿನ ತೂಗುಮಂಚದಲ್ಲಿ ಮಲಗಿ, ಇಸ್ರೇಲಿನಿಂದಲೋ ಜರ್ಮನಿಯಿಂದಲೋ ಬಂದವರ ಜೊತೆ ಇಂಗ್ಲಿಷಿನಲ್ಲಿ ಹರಟುತ್ತಾ ಇರುತ್ತೀರಿ. ಮಗುವಿಗೂ ನಿಮಗೂ ಹೋಲಿಕೆ ಎಲ್ಲಿಂದ ಬಂತು?

ಇನ್ನು ಗಂಟೆಗಳ ಲೆಕ್ಕ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್, ಇಂಗ್ಲಿಷ್ ಮಾತಾಡುವವರಿಗೆ ಸ್ಪ್ಯಾನಿಷ್ ಸುಲಭದ ಭಾಷೆಗಳ ಪಟ್ಟಿಯಲ್ಲಿದೆ ಅನ್ನುತ್ತದೆ. ಆ ಸುಲಭದ ಭಾಷೆಗೇ, ಕೆಲಸಕ್ಕೆ ಬರುವ ಮಟ್ಟ ಮುಟ್ಟಲು 600ರಿಂದ 750 ಗಂಟೆ ಕ್ಲಾಸು. ಈಗ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ತಿರುಗುವ ಒಂದು ದಿನದಲ್ಲಿ ಎಷ್ಟು ಹೊತ್ತು ಸ್ಪ್ಯಾನಿಷ್ ಮಾತಾಡುತ್ತೀರಿ ಅಂತ ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಕೇಳುವುದಲ್ಲ, ಮಾತಾಡುವುದು. ‘ಕ್ವಾಂತೊ ಕ್ವೆಸ್ತಾ’, ಎಷ್ಟು ಅಂತ. ‘ಆ ಕೆ ಓರಾ ಸಾಲೆ’, ಬಸ್ಸು ಎಷ್ಟೊತ್ತಿಗೆ ಹೊರಡುತ್ತೆ ಅಂತ. ರೂಮು ಇದೆಯಾ, ಬಿಸಿನೀರು ಬರುತ್ತಾ, ಬಿಲ್ಲು ಕೊಡಿ. ಹತ್ತು ನಿಮಿಷ ಆದರೆ ಜಾಸ್ತಿ. ಅದೂ ನಿನ್ನೆ ಆಡಿದ್ದನ್ನೇ ಇವತ್ತೂ ಆಡುವುದು. ಅರವತ್ತು ವಾಕ್ಯ ಬಾಯಿಪಾಠ ಆದಮೇಲೆ ಅಲ್ಲಿಗೆ ನಿಲ್ಲುತ್ತದೆ, ಯಾಕೆಂದರೆ ಅರವತ್ತೊಂದನೆಯದು ಬೇಕಾಗುವುದೇ ಇಲ್ಲ. ವರ್ಷಗಟ್ಟಲೆ ಆಂಟಿಗ್ವಾದಲ್ಲೇ ಮನೆ ಮಾಡಿಕೊಂಡು ಇವತ್ತಿಗೂ ಕಾಫಿ ತರಿಸಿಕೊಳ್ಳುವುದರಾಚೆ ಹೋಗದ ಪರದೇಶದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ತಾನಾಗಿಯೇ ಬರುವುದಿದ್ದರೆ ಅವರಿಗೆ ಯಾಕೆ ಬರಲಿಲ್ಲ?

ಸಾನ್ ಪೆದ್ರೊ ಹೇಳ್ತೀನಿ ಅಂದಿದ್ದೆ. ಆ ಊರಿನಲ್ಲಿ ಸುಮ್ನೆ ಓಡಾಡಿದರೆ ಕಿವಿಗೆ ಬೀಳುವುದು ಸ್ಪ್ಯಾನಿಷ್ ಅಲ್ಲ, ತ್ಸುತುಹಿಲ್. ಅದು ಮಾಯಾ ಭಾಷೆ. ಅಮ್ಮ ಮಗುವನ್ನು ಗದರುವುದು, ಸಂತೆಯಲ್ಲಿ ಹೆಂಗಸರು ನಗುವುದು, ದೋಣಿಯವರು ಜಗಳವಾಡುವುದು ಎಲ್ಲ ಅದರಲ್ಲೇ. ಗ್ವಾಟೆಮಾಲಾದಲ್ಲಿ ಕಾನೂನೇ ಒಪ್ಪಿದ ಮಾಯಾ ಭಾಷೆಗಳು 22 ಇವೆ. ನಿಮ್ಮ ಟೀಚರ್ ಕೂಡ ಸ್ಪ್ಯಾನಿಷನ್ನು ಶಾಲೆಯಲ್ಲಿ ಕೂತು, ಬೈಸಿಕೊಂಡು ಕಲಿತವರೇ ಇರಬಹುದು. ಹಾಗೆ ಕಲಿತವರ ಎದುರು ಹೋಗಿ ‘ಗಾಳಿಯಲ್ಲೇ ಬರುತ್ತೆ’ ಅಂತ ಹೇಳಿ ನೋಡಿ.

ಜೋಡಿಯಾಗಿ ಹೋಗುವವರಿಗೆ ಇನ್ನೂ ಒಂದು ಕಷ್ಟ. ಒಂಟಿಯಾಗಿ ಹೋದವರು ಬೇಜಾರಿಗಾದರೂ ಯಾರ ಹತ್ತಿರವಾದರೂ ಮಾತಾಡುತ್ತಾರೆ. ನಿಮಗೆ ಬೇಜಾರೇ ಆಗುವುದಿಲ್ಲ. ದಿನವಿಡೀ ಪಕ್ಕದಲ್ಲೊಬ್ಬರು ಕನ್ನಡದಲ್ಲಿ ಮಾತಾಡಲು ಸಿದ್ಧ. ಜೊತೆಗೆ, ಇಬ್ಬರಲ್ಲಿ ಸ್ವಲ್ಪ ಧೈರ್ಯ ಜಾಸ್ತಿ ಇರುವವರು ಮೊದಲ ವಾರದಲ್ಲೇ ಮಾತಿನ ಉಸ್ತುವಾರಿ ತಗೊಂಡುಬಿಡುತ್ತಾರೆ. ಒಬ್ಬರು ಬಾಯಿ, ಇನ್ನೊಬ್ಬರು ಬ್ಯಾಗು. ನಮ್ಮಲ್ಲಿ ಬಾಯಿ ನಾನು. ನನ್ನ ಗಂಡ ಮೂರು ತಿಂಗಳು ‘ಗ್ರಾಸಿಯಾಸ್’ ಒಂದರಲ್ಲೇ ಕಾಲ ತಳ್ಳಿದರು.

ಹೌದು, ಮೊದಲ ಮೂರು ತಿಂಗಳು ನಾವೂ ಕ್ಲಾಸಿಗೆ ಹೋಗಲಿಲ್ಲ. ತಾನಾಗಿಯೇ ಬರುತ್ತೆ ಅಂತ ನಮಗೂ ಯಾರೋ ಹೇಳಿದ್ದರು. ನನಗಂತೂ ಬಂದಿದೆ ಅಂತಲೇ ನಂಬಿದ್ದೆ. ಬೆಲೆ ಚೌಕಾಸಿ ಮಾಡುತ್ತಿದ್ದೆ, ಡ್ರೈವರ್ ಜೊತೆ ತಮಾಷೆ ಮಾಡುತ್ತಿದ್ದೆ.

ಒಂದು ದಿನ ಕಾಮಿಯೊನೆತಾ ಹತ್ತಿದೆವು. ಅಮೆರಿಕದ ಹಳೇ ಶಾಲಾ ಬಸ್ಸುಗಳಿಗೆ ಢಾಳಾದ ಬಣ್ಣ ಬಳಿದು ಓಡಿಸುತ್ತಾರಲ್ಲ, ಅದು. ಬಾಗಿಲಲ್ಲಿ ನೇತಾಡುತ್ತಾ ಹುಡುಗ ‘ಶೇಲಾ ಶೇಲಾ ಶೇಲಾ’ ಅಂತ ಕೂಗುತ್ತಿದ್ದ. ಇಬ್ಬರ ಸೀಟಿನಲ್ಲಿ ಮೂವರು. ಪಕ್ಕದಲ್ಲಿ ಕೂತ ವಯಸ್ಸಾದ ಹೆಂಗಸು ಮಡಿಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಮಾತು ಶುರು ಮಾಡಿದರು. ನಾನು ತಲೆಯಾಡಿಸಿದೆ. ‘ಸೀ, ಸೀ’ ಅಂದೆ. ಅವರು ಮುಂದುವರಿಸಿದರು. ನಡುವೆ ‘ಕೆ ಬ್ವೆನೊ’ ಅಂದೆ, ಎಷ್ಟು ಒಳ್ಳೇದಾಯ್ತು ಅಂತ. ನಗುತ್ತಾನೇ ಅಂದೆ. ನನಗೆ ಅರ್ಥವಾದದ್ದು ‘ಇಹೊ’ ಅನ್ನುವುದೊಂದೇ, ಮಗ. ಮಗನ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಇಳಿಯುವ ಮುಂಚೆ ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ ಗಂಟು ಎತ್ತಿಕೊಂಡು ಇಳಿದು ಹೋದರು.

ಅವರು ಎರಡು ಮೂರು ಸಲ ಹೇಳಿದ ಇನ್ನೊಂದು ಪದ ಕಿವಿಯಲ್ಲೇ ಉಳಿದಿತ್ತು. ‘ಎಂತೆರ್ರಾಮೋಸ್’. ಎರಡು ವಾರದ ನಂತರ ಕ್ಲಾಸಿನಲ್ಲಿ ಕ್ರಿಯಾಪದಗಳ ಪಟ್ಟಿಯಲ್ಲಿ ಅದು ಸಿಕ್ಕಿತು. ಎಂತೆರ್ರಾರ್, ಹೂಳುವುದು. ನಾವು ಹೂಳಿದೆವು.

ಅವತ್ತು ಟೀಚರ್ ಹತ್ತು ನಿಮಿಷ ಬಿಡುವು ಕೊಟ್ಟರು.

ಅದಕ್ಕೇ ನಾನು ಈ ವಿಷಯದಲ್ಲಿ ಸ್ವಲ್ಪ ಒರಟಾಗಿ ಬರೆಯುವುದು. ಅಲ್ಲಿ ಇರುವುದರಿಂದ ಏನೂ ಲಾಭವಿಲ್ಲ ಅಂತಲ್ಲ. ಬಿತ್ತಿದ ಹೊಲಕ್ಕೆ ಮಳೆ ಬಂದ ಹಾಗೆ ಅದು. ಬೆಳಿಗ್ಗೆ ಕ್ಲಾಸಿನಲ್ಲಿ ಭೂತಕಾಲ ಕಲಿತು, ಮಧ್ಯಾಹ್ನ ಊಟಕ್ಕೆ ಕೂತಾಗ ಮನೆಯಾಕೆ ‘ನಿನ್ನೆ ಎಲ್ಲಿ ಹೋಗಿದ್ರಿ’ ಅಂತ ಕೇಳಿದರೆ ಅದು ಗಟ್ಟಿಯಾಗುತ್ತದೆ. ಬಿತ್ತದೇ ಇದ್ದರೆ ಮಳೆಗೆ ಕಳೆ ಬೆಳೆಯುತ್ತದೆ. ಮೂರು ತಿಂಗಳಲ್ಲಿ ನಾನು ಬೆಳೆಸಿಕೊಂಡಿದ್ದ ತಪ್ಪುಗಳನ್ನು ಕೀಳಲು ಟೀಚರಿಗೆ ಎರಡು ವಾರ ಹಿಡಿಯಿತು. ನನ್ನ ಗಂಡನಿಗೆ ಕೀಳಲು ಏನೂ ಇರಲಿಲ್ಲ. ನಾಲ್ಕನೇ ವಾರಕ್ಕೆ ಅವರು ನನ್ನನ್ನು ದಾಟಿ ಮುಂದೆ ಹೋಗಿದ್ದರು.

ಜೋಡಿಗಳಿಗೆ ನನ್ನ ಸಲಹೆ: ಬೇರೆ ಬೇರೆ ಟೀಚರ್ ತಗೊಳ್ಳಿ. ಇಬ್ಬರಿಗೂ ಸೇರಿ ಒಬ್ಬರೇ ಸಾಕು, ದುಡ್ಡು ಉಳಿಯುತ್ತೆ ಅಂತ ಅನ್ನಿಸುತ್ತದೆ. ಆಗ ಬಾಯಿ ಮಾತಾಡುತ್ತದೆ, ಬ್ಯಾಗು ಕೇಳುತ್ತಾ ಕೂರುತ್ತದೆ. ಮತ್ತೆ ದಿನ ಬಿಟ್ಟು ದಿನ ಉಸ್ತುವಾರಿ ಬದಲಾಯಿಸಿ. ಅವರ ಸರದಿಯ ದಿನ ಬಸ್ಸು ತಪ್ಪಿದರೂ ನೀವು ಬಾಯಿ ಹಾಕಬಾರದು. ನಮ್ಮದು ತಪ್ಪಿದೆ, ಎರಡು ಸಲ.

ಯಾರೂ ಕೇಳದೇ ಇದ್ದರೂ ಒಂದು ವಿಷಯ ಹೇಳದೆ ಬಿಡಲಾರೆ. ದಯವಿಟ್ಟು ಸ್ಪ್ಯಾನಿಷನ್ನು ಇಂಗ್ಲಿಷಿನ ಮೂಲಕ ಕಲಿಯಬೇಡಿ. ಪುಸ್ತಕ ಇಂಗ್ಲಿಷಿನದ್ದೇ ಇರಲಿ, ತಲೆಯೊಳಗೆ ಕನ್ನಡ ಇಟ್ಟುಕೊಳ್ಳಿ. ‘ಮೆ ಗುಸ್ತಾ’ ಅನ್ನುವುದನ್ನು ವಿವರಿಸಲು ಇಂಗ್ಲಿಷ್ ಪುಸ್ತಕಗಳು ಅರ್ಧ ಪುಟ ಒದ್ದಾಡುತ್ತವೆ. ನಮಗೆ ಅದು ‘ನನಗೆ ಇಷ್ಟ’, ಮುಗೀತು. ‘ಮೆ ದ್ವೆಲೆ ಲಾ ಕಬೆಸಾ’ ಅಂದರೆ ‘ನನಗೆ ತಲೆ ನೋಯುತ್ತೆ’. ಆ ‘ನನಗೆ’ ಎರಡು ಕಡೆಯೂ ಇದೆ. ತೂ ಮತ್ತು ಉಸ್ತೆದ್ ಅಂದರೆ ನೀನು ಮತ್ತು ನೀವು. ‘ನಾನು’ ಅಂತ ಹೇಳದೆಯೂ ‘ಬಂದೆ’ ಅಂದರೆ ಸಾಕಲ್ಲ, ಅಲ್ಲೂ ಕ್ರಿಯಾಪದದ ಬಾಲದಲ್ಲೇ ಯಾರು ಅಂತ ಗೊತ್ತಾಗುತ್ತದೆ.

ಇನ್ನೂ ಸೊಗಸಾದದ್ದು ಕೇಳಿ. ನಾವು ‘ಪುಸ್ತಕ ನೋಡಿದೆ’ ಅನ್ನುತ್ತೇವೆ, ಆದರೆ ‘ಅಣ್ಣ ನೋಡಿದೆ’ ಅನ್ನಲ್ಲ, ‘ಅಣ್ಣನನ್ನು ನೋಡಿದೆ’ ಅನ್ನುತ್ತೇವೆ. ಸ್ಪ್ಯಾನಿಷಿನಲ್ಲೂ ವಸ್ತುವಾದರೆ ಏನೂ ಬೇಡ, ಮನುಷ್ಯರಾದರೆ ಆ ಪದಕ್ಕೆ ಮೊದಲು ಒಂದು ‘ಆ’ ಸೇರಬೇಕು. ಇಂಗ್ಲಿಷಿನವರು ಇದನ್ನು ತಿಂಗಳುಗಟ್ಟಲೆ ಮರೆಯುತ್ತಾರೆ. ಉಚ್ಚಾರಣೆಯಲ್ಲೂ ಹಾಗೇ. ಅವರ ತ, ದ ನಮ್ಮ ತ, ದ. ಅ ಎ ಇ ಒ ಉ ಐದೇ ಸ್ವರ. ಅವರ ಎನ್ಯೆ ಅಕ್ಷರ ನಮ್ಮ ಞ, ವರ್ಣಮಾಲೆಯಲ್ಲಿ ಸುಮ್ನೆ ಕೂತಿದ್ದ ಅಕ್ಷರಕ್ಕೆ ಅಂತೂ ಕೆಲಸ ಸಿಕ್ಕಿತು. ಕನ್ನಡ ಕೈ ಕೊಡುವುದು ಲಿಂಗದಲ್ಲಿ. ನಮಗೆ ಮೇಜು ‘ಅದು’, ಅಲ್ಲಿ ಅದು ಹೆಣ್ಣು. ಕೈ ‘ಮಾನೊ’ ಹೆಣ್ಣು, ದಿನ ‘ದೀಯಾ’ ಗಂಡು. ಇದಕ್ಕೆ ಮಾತ್ರ ಉರು ಹೊಡೆಯುವುದೇ ದಾರಿ.

ಕ್ಲಾಸಿನ ಮೂರನೇ ವಾರ ಊಟದ ಮೇಜಿನಲ್ಲಿ ನನ್ನ ಗಂಡನ ಕೈಯಿಂದ ಕಪ್ಪು ಜಾರಿ ಬಿತ್ತು. ಅದೇ ವಾರ ಜೊತೆಯಲ್ಲಿದ್ದ ಇನ್ನೊಬ್ಬ ವಿದ್ಯಾರ್ಥಿ ಲೋಟ ಬೀಳಿಸಿ, ‘ನಾನು ಒಡೆದೆ’ ಅಂತ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ ಹಾಗೆ ಹೇಳಿದ್ದ. ಇವರು ಯೋಚನೆ ಕೂಡ ಮಾಡದೆ ‘ಸೆ ಮೆ ಕಾಯೊ’ ಅಂದರು. ಕೈತಪ್ಪಿ ಬಿತ್ತು ಅಂತ. ಮನೆಯಾಕೆ ಅಡುಗೆಮನೆಯಿಂದ ಇಣುಕಿ, ಎಷ್ಟು ಚೆನ್ನಾಗಿ ಹೇಳಿದ್ರಿ ಅಂದರು. ಇವರು ಬೀಗಿದರು. ಆಮೇಲೆ ಪೊರಕೆ ಕೇಳಬೇಕಾಯಿತು. ಆ ಪದ ಗೊತ್ತಿಲ್ಲ. ಅವತ್ತು ಅವರದೇ ಸರದಿ, ನಾನು ಬಾಯಿ ಬಿಡುವ ಹಾಗಿಲ್ಲ. ಬಗ್ಗಿ ಬರಿಗೈಯಲ್ಲಿ ನೆಲ ಗುಡಿಸಿ ತೋರಿಸಿದರು.

‘ಎಸ್ಕೋಬಾ’ ಅಂತ ಹೇಳಿ ಆಕೆ ಅದನ್ನು ಇವರ ಕೈಗೇ ಕೊಟ್ಟರು.