ಫೀಲ್ಡ್ ಟ್ರೇನಿಂಗ್‌ಗೆ ಹೋಗೋ ಮುಂಚೆ ಜೊತೆಗಾರನ ಹತ್ರ ಆಡ್ಬೇಕಾದ ಮಾತು

ಸರ್ವೈವಲ್ ಟ್ರೇನಿಂಗ್‌ಗೆ ಹೊರಡೋ ಹುಡುಗ್ರು ಮೆಡಿಕಲ್ ಚೆಕಪ್‌ಗೆ ಬಂದಾಗ ಕೇಳೋದೆಲ್ಲ ಸ್ಟ್ಯಾಮಿನಾ ಬಗ್ಗೆನೇ, ಎಷ್ಟು ಓಡ್ಬೇಕು, ಎಷ್ಟು ಭಾರ ಹೊತ್ತು ಪ್ರಾಕ್ಟೀಸ್ ಮಾಡ್ಬೇಕು ಅಂತ. ಅದು ಬೇಕು, ಬೇಡ ಅನ್ನಲ್ಲ. ಆದ್ರೆ ಮಿಲಿಟರಿ ಡಾಕ್ಟರಾಗಿ ನಾನು ನೋಡಿರೋ ಪ್ರಕಾರ ಸ್ಟ್ರೆಚರ್ ಮೇಲೆ ಬರೋರಲ್ಲಿ ಎಷ್ಟೋ ಜನ ಬ್ಯಾಚಲ್ಲೇ ಗಟ್ಟಿಗರು ಅನ್ನಿಸ್ಕೊಂಡೋರು, ಏನೋ ಸರಿ ಇಲ್ಲ ಅಂತ ಗೊತ್ತಾದ್ಮೇಲೂ ಬಾಯಿ ಬಿಡದೆ ಇನ್ನೊಂದು ಗುಡ್ಡ ಹತ್ತೇ ಬಿಡೋಣ ಅಂತ ಹೊರಟೋರು.

ಬಿಸಿಲು ಮೊದ್ಲು ಹೇಳ್ತೀನಿ, ಯಾಕಂದ್ರೆ ಜೀವ ತೆಗೆಯೋದ್ರಲ್ಲಿ ಇದು ತುಂಬಾ ಫಾಸ್ಟ್. ಭಾರ ಹೊತ್ತು ಜೋರಾಗಿ ನಡೀವಾಗ ಮಾಂಸಖಂಡಗಳೇ ಸಿಕ್ಕಾಪಟ್ಟೆ ಶಾಖ ಹುಟ್ಟಿಸ್ತವೆ, ಮುಖ್ಯವಾಗಿ ಬೆವರು ಆರಿ ಹೋದಾಗ್ಲೇ ಮೈ ತಣ್ಣಗಾಗೋದು, ಗಾಳೀಲಿ ತೇವ ಜಾಸ್ತಿ ಇದ್ರೆ ಅದು ಆರಲ್ಲ. ಒಳಗಿನ ಟೆಂಪರೇಚರ್ 40 ಡಿಗ್ರಿ ಸೆಲ್ಸಿಯಸ್ ದಾಟಿ, ಜೊತೆಗೆ ಮಾತು ತಪ್ಪೋದು, ವಿನಾಕಾರಣ ರೇಗೋದು, ತೂರಾಡೋದು ಶುರುವಾದ್ರೆ ಅದು ಹೀಟ್ ಸ್ಟ್ರೋಕ್, ಮೈ ಬೆವರ್ತಾ ಇದ್ರೂ ಹೀಟ್ ಸ್ಟ್ರೋಕೇ. ಅಲ್ಲೇ ತಣ್ಣೀರಲ್ಲಿ ಮುಳುಗಿಸಿ, ತಲೆ ಮಾತ್ರ ನೀರಿಂದ ಮೇಲೆ ಹಿಡ್ಕೊಳ್ಳಿ, ಅಷ್ಟು ನೀರಿಲ್ಲ ಅಂದ್ರೆ ಇರೋದನ್ನೇ ಮೈ ತುಂಬಾ ಸುರೀತಾ ಗಾಳಿ ಬೀಸಿ. ಆಂಬ್ಯುಲೆನ್ಸ್‌ಗೆ ಹೇಳಿ ಕಳ್ಸಿ, ಆದ್ರೆ ಅದು ಬರ್ಲಿ ಅಂತ ಕಾಯ್ಬೇಡಿ, ಮೊದಲ ಅರ್ಧ ಗಂಟೇಲಿ ಮೈ ತಣ್ಣಗಾದ್ರೆ ಉಳಿಯೋ ಚಾನ್ಸ್ ತುಂಬಾ ಜಾಸ್ತಿ. 2013ರ ಜುಲೈನಲ್ಲಿ ವೇಲ್ಸ್‌ನ ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ ಬ್ರಿಟಿಷ್ ಸ್ಪೆಷಲ್ ಫೋರ್ಸಸ್ ಸೆಲೆಕ್ಷನ್ನಿನ ಸುಮಾರು 26 ಕಿಲೋಮೀಟರ್ ಮಾರ್ಚ್‌ನಲ್ಲಿ ಮೂರು ಜನ ಬಿಸಿಲಿಗೆ ಸಿಕ್ಕಿ ತೀರ್ಕೊಂಡ್ರು, ಅದೇನು ಮರುಭೂಮಿ ಅಲ್ಲ.

ಹಾಗಂತ ಹೆದರ್ಕೊಂಡು ಬಾಟಲ್ ಮೇಲೆ ಬಾಟಲ್ ನೀರು ಕುಡಿಯೋದೂ ಅಪಾಯ. ರಕ್ತದಲ್ಲಿ ಸೋಡಿಯಂ ಇಳಿದು ಮೆದುಳು ಊದ್ಕೊಳ್ಳುತ್ತೆ, ಆಗ್ಲೂ ತಲೆನೋವು, ವಾಂತಿ, ಗಲಿಬಿಲಿ ಬರೋದ್ರಿಂದ ಡಿಹೈಡ್ರೇಷನ್ ಅಂದ್ಕೊಂಡು ಇನ್ನಷ್ಟು ಕುಡಿಸ್ತಾರೆ. ಅಮೆರಿಕನ್ ಆರ್ಮಿ ಗಂಟೆಗೆ ಸುಮಾರು 1.4 ಲೀಟರ್‌ಗಿಂತ, ದಿನಕ್ಕೆ ಸುಮಾರು 11 ಲೀಟರ್‌ಗಿಂತ ಜಾಸ್ತಿ ಬೇಡ ಅಂತ ಮಿತಿ ಇಟ್ಟಿರೋದು ಇದಕ್ಕೇ.

ಚಳಿ ಬೇರೆ ಥರ, ನಿಧಾನಕ್ಕೆ ಬರುತ್ತೆ. ನೀರಲ್ಲಿ ನಿಂತಿದ್ರೆ ಅಥವಾ ಬಟ್ಟೆ ಒದ್ದೆ ಆಗಿ ಗಾಳಿ ಬೀಸ್ತಿದ್ರೆ ಸಾಕು, ಅದಕ್ಕೆ ಹಿಮ ಬೀಳ್ಲೇಬೇಕು ಅಂತಿಲ್ಲ. 1995ರ ಫೆಬ್ರವರಿಯಲ್ಲಿ ಅಮೆರಿಕನ್ ಆರ್ಮಿಯ ಕಠಿಣ ಟ್ರೇನಿಂಗ್ ಆದ ರೇಂಜರ್ ಸ್ಕೂಲಿನ ನಾಲ್ಕು ಜನ ಟ್ರೇನಿಗಳು ಹೈಪೋಥರ್ಮಿಯಾದಿಂದ, ಅಂದ್ರೆ ಮೈ ಶಾಖ ತೀರಾ ಇಳಿದು ಸತ್ತಿದ್ದು ಫ್ಲಾರಿಡಾದ ಜವುಗಿನಲ್ಲಿ. ಇದ್ರ ಲಕ್ಷಣ ಹೀಗೆ, ಮೊದ್ಲು ಗೊಣಗಾಟ, ಆಮೇಲೆ ಬ್ಯಾಗಿನ ಬಕಲ್ ಹಾಕೋಕೆ ತಡಕಾಡೋದು, ನಾಲಿಗೆ ತೊದಲೋದು, ಎಡವೋದು. ನಡುಗ್ತಾ ಇದ್ದೋನು ಬೆಚ್ಚಗಾಗದೇ ನಡುಗೋದು ನಿಲ್ಸಿದ್ರೆ ಖುಷಿ ಪಡ್ಬೇಡಿ, ಅದು ದೇಹ ಸೋಲ್ತಿರೋ ಗುರುತು.

ಗಮನಿಸಿ ನೋಡಿ, ಬಿಸಿಲು, ನೀರು, ಚಳಿ ಮೂರರಲ್ಲೂ ತಲೆ ಕೆಡುತ್ತೆ. ಅಂದ್ರೆ ನಾನು ಸರಿ ಇದೀನಾ ಇಲ್ವಾ ಅಂತ ತೀರ್ಮಾನ ಮಾಡ್ಬೇಕಾದ ಮೆದುಳೇ ಆ ಹೊತ್ತಿಗೆ ನಂಬೋ ಸ್ಥಿತೀಲಿ ಇರಲ್ಲ, ಕೇಳಿದ್ರೆ ಐ ಆಮ್ ಫೈನ್ ಸರ್ ಅಂತಾನೆ, ಅವ್ನು ಸುಳ್ಳು ಹೇಳ್ತಿಲ್ಲ, ನಿಜವಾಗ್ಲೂ ಹಾಗೇ ಅನ್ನಿಸ್ತಿರುತ್ತೆ. ಇದ್ರ ಮೇಲೆ ನಿದ್ದೆ ಇಲ್ದಿರೋದು ಬೇರೆ. 17ರಿಂದ 19 ಗಂಟೆ ಎದ್ದಿದ್ರೆ ಸಾಕು, ರಕ್ತದಲ್ಲಿ 0.05 ಪರ್ಸೆಂಟ್ ಆಲ್ಕೋಹಾಲ್ ಇರೋರ ಮಟ್ಟಕ್ಕೆ ಮೆದುಳಿನ ಕೆಲಸ ಇಳಿಯುತ್ತೆ, ಫೀಲ್ಡಲ್ಲಿ ಅದನ್ನ ಮೊದಲನೇ ದಿನಾನೇ ದಾಟ್ತೀರ.

ಹೊಟ್ಟೆ ಹಸಿವಿನ ಬಗ್ಗೆ ಜನ ತುಂಬಾ ಹೆದರ್ತಾರೆ, ನನ್ನ ಪ್ರಕಾರ ಅಷ್ಟು ಬೇಕಿಲ್ಲ. ತೂಕ ಇಳಿಯುತ್ತೆ, ಚಳಿ ಜಾಸ್ತಿ ಅನ್ಸುತ್ತೆ, ಕೋರ್ಸ್ ಮುಗಿದು ಸರಿಯಾಗಿ ತಿಂದ್ರೆ ತೂಕ ಮತ್ತೆ ಬರುತ್ತೆ.

ಪಾದದ ವಿಷ್ಯದಲ್ಲಿ ಮಾತ್ರ ಸೋಮಾರಿತನ ಬೇಡ. ಬೊಬ್ಬೆ ಏಳೋ ಮುಂಚೆ ಆ ಜಾಗ ಉರಿಯುತ್ತೆ, ಅಲ್ಲೇ ಕೂತು ಟೇಪ್ ಹಾಕಿ, ಮುಂದಿನ ಹಾಲ್ಟ್‌ಗೆ ಅಂತ ಮುಂದೂಡ್ಬೇಡಿ. ಒಣ ಸಾಕ್ಸ್ ಒಂದು ಜೊತೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ಟು ಮಲಗೋವಾಗ ಮಾತ್ರ ಹಾಕ್ಕೊಳ್ಳಿ, ಬೆಳಿಗ್ಗೆ ಎದ್ದು ಹಿಂದಿನ ದಿನದ ಒದ್ದೆ ಸಾಕ್ಸಿಗೆ ಕಾಲು ತೂರಿಸೋದು ಹಿಂಸೆನೇ, ಆದ್ರೂ ಹಾಗೇ ಮಾಡಿ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸಾವಿರಾರು ಸೈನಿಕರ ಪಾದ ತಣ್ಣನೆ ನೀರಲ್ಲಿ ನೆನೆದು ನೆನೆದು ಹಾಳಾದಾಗ ಬ್ರಿಟಿಷ್ ಸೈನ್ಯ ಇಬ್ಬಿಬ್ಬರನ್ನ ಜೋಡಿ ಮಾಡಿ ಒಬ್ಬರ ಪಾದ ಇನ್ನೊಬ್ರು ನೋಡೋ ಹಾಗೆ ಮಾಡಿತ್ತು, ಅದು ಕೆಲಸ ಮಾಡ್ತು. ನಾನು ಇವತ್ತಿಗೂ ಅದನ್ನೇ ಹೇಳೋದು.

ಅದಕ್ಕೇ ಹೊರಡೋ ಮುಂಚೆನೇ ನಿಮ್ಮ ಜೊತೆಗಾರನ ಹತ್ರ ಕೂತು ಮಾತಾಡ್ಕೊಳ್ಳಿ. ಪ್ರತಿ ಹಾಲ್ಟಲ್ಲೂ ಒಬ್ಬರನ್ನೊಬ್ರು ಒಂದು ಸಣ್ಣ ಲೆಕ್ಕ ಕೇಳೋದು, ನೂರರಿಂದ ಏಳೇಳು ಕಳೀತಾ ಬಾ ಅನ್ನಿ, ಬೆಳಿಗ್ಗೆ ಸರಾಗವಾಗಿ ಹೇಳಿದ್ದೋನು ಮಧ್ಯಾಹ್ನ ತಡವರಿಸಿದ್ರೆ ಅವ್ನು ಬೇಡ ಬೇಡ ಅಂದ್ರೂ ಇನ್ಸ್ಟ್ರಕ್ಟರ್‌ಗೆ ಹೇಳೋದು, ಹೇಳಿದ್ದಕ್ಕೆ ಕೋಪ ಮಾಡ್ಕೊಳ್ಳಲ್ಲ ಅಂತ ಇಬ್ರೂ ಮೊದ್ಲೇ ಮಾತು ಕೊಟ್ಕೊಳ್ಳಿ. ಮೆಡಿಕಲ್ ಕಾರಣಕ್ಕೆ ಹೊರಗೆ ಬಂದೋರನ್ನ ಮುಂದಿನ ಬ್ಯಾಚಿಗೆ ತಗೊಳ್ಳೋ ವ್ಯವಸ್ಥೆ ಎಷ್ಟೋ ಕೋರ್ಸುಗಳಲ್ಲಿ ಇದೆ, ಸೇರೋವಾಗ್ಲೇ ಆ ರೂಲ್ ಏನು ಅಂತ ಇನ್ಸ್ಟ್ರಕ್ಟರ್ ಹತ್ರ ಕೇಳಿ ತಿಳ್ಕೊಂಡಿರಿ.