ಕಟ್ಲಾ ನಿಲ್ಲಬಲ್ಲದು, ಬಿಳಿ ಶಾರ್ಕ್ ನಿಲ್ಲಲಾರದು

ಕೋಲಾರದಲ್ಲಿ ಭಾನುವಾರ ಬೆಳಿಗ್ಗೆ ಮೀನಿನ ಅಂಗಡಿಗೆ ಹೋದಾಗ ಮಗಳೂ ಜೊತೆಗಿದ್ದಳು. ಅಂಗಡಿಯವರು ಕಟ್ಲಾದ ಹುರುಪೆ ಉಜ್ಜಿ ತೆಗೆದು ಹೊಟ್ಟೆ ಸೀಳಿದರು. ಕರುಳಿನ ಮೇಲ್ಗಡೆ, ಬೆನ್ನುಮೂಳೆಗೆ ಒತ್ತಿಕೊಂಡು, ಬೆಳ್ಳಗೆ ಹೊಳೆಯುವ ಪುಗ್ಗೆಯೊಂದು ಕಂಡಿತು. ನಡುವೆ ಹಿಸುಕಿದಂತೆ ಅದಕ್ಕೆ ಎರಡು ಭಾಗ.

"ಇದು ಗಾಳಿಚೀಲ ಪುಟ್ಟಾ. ಇದಿದ್ದರೇ ಮೀನು ತೇಲುವುದು" ಎಂದರು.

"ಶಾರ್ಕಿಗೂ ಇದೆಯಾ?" ಎಂದು ಅವಳು ಕೇಳಿದಾಗ ಅವರು ನನ್ನ ಮುಖ ನೋಡಿದರು.

ಇಲ್ಲ. ಯಾವ ಶಾರ್ಕಿಗೂ ಗಾಳಿಚೀಲವಿಲ್ಲ. ದೊಡ್ಡ ಬಿಳಿ ಶಾರ್ಕಿನ ಸ್ವಭಾವದಲ್ಲಿ ಅರ್ಧ ಈ ಇಲ್ಲದಿರುವಿಕೆಯಿಂದಲೇ ಬಂದದ್ದು ಎಂದು ನನಗನ್ನಿಸುತ್ತದೆ. ಮೂಳೆಯ ಬದಲು ಅದಕ್ಕಿರುವುದು ನಮ್ಮ ಮೂಗಿನ ತುದಿಯಲ್ಲಿರುವಂಥ ಮೃದ್ವಸ್ಥಿ. ಹೊಟ್ಟೆಯೊಳಗೆ ಎಣ್ಣೆ ತುಂಬಿದ ಭಾರಿ ಯಕೃತ್ತು. ಮಾಂಸದಂಗಡಿಯಲ್ಲಿ ಲಿವರ್ ಎನ್ನುತ್ತೇವಲ್ಲ, ಅದೇ. ಎಣ್ಣೆ ನೀರಿಗಿಂತ ಹಗುರ. ಆದರೂ ಸಾಲದು, ಈಜು ನಿಂತರೆ ಶಾರ್ಕ್ ಕೆಳಗಿಳಿಯುತ್ತದೆ. ಉಸಿರಿನ ಪಾಡೂ ಇದೇ. ತೊಟ್ಟಿಯಲ್ಲಿ ಸುಮ್ಮನೆ ನಿಂತ ಕಟ್ಲಾ ಬಾಯಿಯನ್ನೂ ಕಿವಿರಿನ ಮುಚ್ಚಳವನ್ನೂ ಆಡಿಸುತ್ತ ನೀರು ಹರಿಸಿಕೊಳ್ಳುತ್ತದೆ. ಬಿಳಿ ಶಾರ್ಕಿಗೆ ಆ ಸೌಕರ್ಯವಿಲ್ಲ. ಮುಂದಕ್ಕೆ ಈಜುತ್ತಿದ್ದರೆ ಮಾತ್ರ ಕಿವಿರಿಗೆ ನೀರು.

ಹಾಗಾಗಿ ಅದು ಅಲೆಮಾರಿ. 2003ರಲ್ಲಿ ದಕ್ಷಿಣ ಆಫ್ರಿಕದ ಕಡಲಲ್ಲಿ ವಿಜ್ಞಾನಿಗಳು ಗುರುತುಪಟ್ಟಿ ಹಾಕಿದ 'ನಿಕೋಲ್' ಎಂಬ ಹೆಣ್ಣು ಶಾರ್ಕ್, ಆಸ್ಟ್ರೇಲಿಯದ ತೀರ ಮುಟ್ಟಿ ಒಂಬತ್ತು ತಿಂಗಳೊಳಗೆ ಹಿಂತಿರುಗಿತು. ಹೋಗಿಬಂದ ದಾರಿ 20,000 ಕಿಲೋಮೀಟರ್‌ಗೂ ಹೆಚ್ಚು. ಇಂಥ ಪಯಣಕ್ಕೆ ಬುತ್ತಿ ಯಕೃತ್ತಿನ ಎಣ್ಣೆಯೇ.

ಕೆರೆಯ ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ಬಿಳಿ ಶಾರ್ಕ್ ಹಾಗಲ್ಲ. ದುಡಿಯುವ ಸ್ನಾಯುಗಳ ಬಿಸಿಯನ್ನು ಸೋರಿಹೋಗಲು ಬಿಡದೆ ಮೈಯೊಳಗೇ ಉಳಿಸಿಕೊಳ್ಳುತ್ತದೆ. ಅದರ ಜಠರ ಸುತ್ತಲಿನ ನೀರಿಗಿಂತ 14 ಡಿಗ್ರಿ ಸೆಲ್ಸಿಯಸ್‌ವರೆಗೂ ಬೆಚ್ಚಗಿರಬಲ್ಲದು. ಈ ಒಲೆ ಉರಿಯಲು ಕೊಬ್ಬು ಬೇಕು, ಕೊಬ್ಬಿರುವುದು ಸೀಲ್ ಎಂಬ ಕಡಲಪ್ರಾಣಿಗಳಲ್ಲಿ. ಮನುಷ್ಯರನ್ನು ಕಚ್ಚಿದಾಗ ಎಷ್ಟೋ ಸಲ ಒಂದೇ ಕಡಿತಕ್ಕೆ ಬಿಟ್ಟುಹೋಗುತ್ತದೆ. ಆ ಒಂದು ಕಡಿತವೂ ಪ್ರಾಣ ತೆಗೆಯಬಲ್ಲದು, ನಿಜ. ಆದರೂ ಅದನ್ನು ರಾಕ್ಷಸ ಎಂದು ಕರೆಯುವಾಗ ನನಗೆ ಸಂಕಟವಾಗುತ್ತದೆ. ಹೆಣ್ಣು ಶಾರ್ಕ್ ಮರಿ ಹಾಕುವ ವಯಸ್ಸಿಗೆ ಬರಲು ಮೂವತ್ತು ವರ್ಷ ದಾಟಬಹುದು. ಕಟ್ಲಾ ಒಂದೇ ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆಯಿಟ್ಟರೆ ಇದರ ಮರಿಗಳನ್ನು ಬೆರಳಲ್ಲಿ ಎಣಿಸಬಹುದು. ಇಂಥದ್ದನ್ನು ಬಲೆಗೆ ಕೆಡವುವುದು ಸುಲಭ, ತುಂಬಿಕೊಳ್ಳುವುದು ಬಹಳ ನಿಧಾನ. ದಕ್ಷಿಣ ಆಫ್ರಿಕ 1991ರಲ್ಲೇ ಕಾನೂನು ಮಾಡಿ ಅದನ್ನು ರಕ್ಷಿಸಿತು.

ಅಲ್ಲಿಯದೇ ಗಾನ್ಸ್‌ಬಾಯ್ ತೀರಕ್ಕೆ 2017ರಲ್ಲಿ ಬಿಳಿ ಶಾರ್ಕಿನ ಹೆಣಗಳು ತೇಲಿಬಂದವು. ಸೀಳಿದ ಮೈಯಲ್ಲಿ ಯಕೃತ್ತೇ ಇರಲಿಲ್ಲ. ಓರ್ಕಾ ತಿಮಿಂಗಿಲಗಳಿಗೂ ಆ ಎಣ್ಣೆಯ ರುಚಿ ಗೊತ್ತು. ಉಳಿದ ಶಾರ್ಕ್‌ಗಳು ಆ ನೀರು ಬಿಟ್ಟು ಹೊರಟುಹೋದವು. ವಾರಗಟ್ಟಲೆ ಅಲ್ಲಿ ಒಂದೂ ಕಾಣಲಿಲ್ಲ.